ಹಳೇ ಟಿವಿ ಗೇಮ್ ಮಕ್ಕಳಿಗೆ ಹಿಡಿಸ್ತಿಲ್ಲ, ಎಲ್ಲಿಂದ ಶುರು ಮಾಡಿಸ್ಲಿ?

ಸೆಲೆಕ್ಟ್_ಸ್ಟಾರ್ಟ್ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸ್ಕೊಳ್ಳಿ.

ನನ್ನ ಹತ್ತಿರ ಹಳೆಯ 8-ಬಿಟ್ ಕನ್ಸೋಲ್ ಒಂದಿದೆ. ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್‌ನ ನಕಲು. ಎರಡು ಕಂಟ್ರೋಲರ್, ಒಂದು ಗನ್, ನಾಲ್ಕೈದು ಕ್ಯಾಸೆಟ್. ಅಣ್ಣ ಮತ್ತು ನಾನು ಇದರ ಮುಂದೆಯೇ ಬೆಳೆದವರು (ಒಂದನೇ ಕಂಟ್ರೋಲರ್ ಯಾವಾಗಲೂ ಅವನದೇ, ಆ ಸಿಟ್ಟು ಇನ್ನೂ ಇದೆ). ಈಗ ನನ್ನ ಮಗನಿಗೆ 10, ಮಗಳಿಗೆ 6. ಅವರಿಗೂ ಆಡಿಸೋಣ ಅಂತ ಹೊರಗೆ ತೆಗೆದೆ. ಪುಣ್ಯಕ್ಕೆ ಇನ್ನೂ ಆನ್ ಆಗುತ್ತೆ.

ಆದರೆ ಮಕ್ಕಳು ಕೂರುತ್ತಿಲ್ಲ. ಮಗ ಮಾರಿಯೋದಲ್ಲಿ ಮೂರೂ ಲೈಫ್ ಕಳ್ಕೊಂಡ. "ಮತ್ತೆ ಮೊದಲಿನಿಂದಾನಾ?" ಅಂದ. ಹೌದು ಅಂದೆ. "ಸೇವ್ ಎಲ್ಲಿದೆ?" ಇಲ್ಲ ಅಂದೆ. ಎದ್ದು ಹೋದ. ಮಗಳ ತಕರಾರು ಬೇರೆ. ಅವಳಿಗೆ ಹಿಂದೆ ಬಿಟ್ಟು ಬಂದ ಹಸಿರು ಪೈಪ್ ಹತ್ತಿರ ವಾಪಸ್ ಹೋಗಬೇಕು, ಆದರೆ 'ಸೂಪರ್ ಮಾರಿಯೋ ಬ್ರದರ್ಸ್'ನಲ್ಲಿ ಪರದೆ ಎಡಕ್ಕೆ ಸರಿಯೋದೇ ಇಲ್ವಲ್ಲ, ಮಾರಿಯೋ ಹೋಗಿ ಅಂಚಿಗೆ ಒತ್ತಿಕೊಂಡು ನಿಂತುಬಿಡ್ತಾನೆ. "ಯಾಕೆ ಬಿಡಲ್ಲ ಅವರು?" ಅಂತ ಅವಳು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ವಿಚಿತ್ರ ಅಂದರೆ ನನಗೇ ಆಡೋಕೆ ಆಗ್ತಿಲ್ಲ. ಗುಂಡಿಯ ಅಂಚಿನಲ್ಲಿ ಬಟನ್ ಒತ್ತಿದರೆ ಮಾರಿಯೋ ಒಂದು ಕ್ಷಣ ಯೋಚನೆ ಮಾಡಿ ಹಾರಿದ ಹಾಗೆ ಅನಿಸುತ್ತೆ, ಅಷ್ಟರಲ್ಲಿ ಒಳಗೆ ಬಿದ್ದಿರ್ತಾನೆ. ನನ್ನ ಬೆರಳು ನಿಧಾನ ಆಯ್ತಾ, ಅಥವಾ ಟಿವಿಯದೇ ಏನಾದ್ರೂ ಇದೆಯಾ? ದೊಡ್ಡ ಹೊಸ ಟಿವಿಗೆ ಹಳದಿ-ಬಿಳಿ ವೈರ್‌ನಲ್ಲೇ ಜೋಡಿಸಿದ್ದೀನಿ. ಡಕ್ ಹಂಟ್ ಗನ್ ಅಂತೂ ಕೆಲಸವೇ ಮಾಡ್ತಿಲ್ಲ. ಟಿವಿಗೆ ತಾಗಿಸಿ ಹೊಡೆದರೂ ಬಾತುಕೋಳಿ ಬೀಳಲ್ಲ, ಆ ನಾಯಿ ಎದ್ದು ನಗೋದು ಮಾತ್ರ ನಿಂತಿಲ್ಲ.

ನಿಮ್ಮಲ್ಲಿ ಯಾರಾದ್ರೂ ಮಕ್ಕಳಿಗೆ ಈ ಗೇಮ್‌ಗಳನ್ನು ಹಿಡಿಸಿದ್ದೀರಾ? ಯಾವುದರಿಂದ ಶುರು ಮಾಡಿದ್ರಿ? ಹಳೇ ಕನ್ಸೋಲ್‌ನಲ್ಲೇ ಆಡಿಸಬೇಕಾ, ಸೇವ್ ಇರೋ ಹೊಸ ಆವೃತ್ತಿ ಕೊಟ್ಟರೆ ಮೋಸ ಮಾಡಿದ ಹಾಗಾ? ನನಗೆ ಇಷ್ಟ ಅಂತ ಅವರಿಗೂ ಇಷ್ಟ ಆಗಲೇಬೇಕು ಅಂತೇನಿಲ್ಲ, ಗೊತ್ತು. ಆದರೂ ಒಂದು ಸರಿಯಾದ ಅವಕಾಶ ಕೊಡದೆ ಡಬ್ಬಕ್ಕೆ ಹಾಕೋಕೆ ಮನಸ್ಸು ಬರ್ತಿಲ್ಲ.

---

ಡಬ್ಬಾ_ಟಿವಿ ಉತ್ತರ:

ಮೇಡಂ, ನಿಮ್ಮ ಬೆರಳು ಸರಿಯಾಗೇ ಇದೆ. ತಪ್ಪು ಟಿವಿಯದು.

ಈ ಕನ್ಸೋಲ್ ಸೆಕೆಂಡಿಗೆ 60 ಚಿತ್ರ ಕಳಿಸುತ್ತೆ, ಕೆಲವು ಮಾಡೆಲ್‌ಗಳಲ್ಲಿ 50. ಅಂದರೆ ಒಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡ್. ಹಳೇ ಡಬ್ಬಾ ಟಿವಿ, ಅದೇ ಸಿಆರ್‌ಟಿ, ಸಿಗ್ನಲ್ ಬಂದ ಹಾಗೆ ಗೆರೆ ಗೆರೆಯಾಗಿ ಪರದೆ ಮೇಲೆ ಬರೆದುಬಿಡುತ್ತಿತ್ತು. ಕಾಯೋ ಪ್ರಶ್ನೆನೇ ಇರಲಿಲ್ಲ. ಹೊಸ ಟಿವಿ ಹಾಗಲ್ಲ. ಚಿತ್ರವನ್ನು ಮೊದಲು ಒಳಗೆ ಹಿಡಿದಿಟ್ಟುಕೊಂಡು, ದೊಡ್ಡದು ಮಾಡಿ, ಬಣ್ಣ ತಿದ್ದಿ, ಅಂಚು ನುಣುಪು ಮಾಡಿ ಆಮೇಲೆ ತೋರಿಸುತ್ತೆ. ಇದಕ್ಕೆಲ್ಲ ಅದು 100 ಮಿಲಿಸೆಕೆಂಡ್ ತಗೊಂಡರೆ ನೀವು ನೋಡ್ತಿರೋ ಮಾರಿಯೋ ಆರು ಚಿತ್ರದಷ್ಟು ಹಿಂದಿನವನು. ಅವನು ಗುಂಡಿ ಅಂಚಿಗೆ ಬಂದ ಅಂತ ನಿಮಗೆ ಕಾಣೋ ಹೊತ್ತಿಗೆ ಗೇಮ್ ಒಳಗೆ ಅವನು ಆಗಲೇ ಬಿದ್ದಿದ್ದಾನೆ. ಪಾಪ, ನಿಮ್ಮ ಮಗ ಮೊದಲ ದಿನವೇ ಈ ಟಿವಿಯಲ್ಲಿ ಆಡಿ, ಗೇಮೇ ಹೀಗೆ ಅಂದುಕೊಂಡಿದ್ದಾನೆ!

ಮಾಡಬೇಕಾದ್ದು ಇಷ್ಟೇ. ಟಿವಿ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹುಡುಕಿ ಆನ್ ಮಾಡಿ. ಚಲನೆ ನುಣುಪು ಮಾಡೋದು, ನಾಯ್ಸ್ ಕಡಿಮೆ ಮಾಡೋದು, ಈ ಥರದ್ದೆಲ್ಲ ಆಫ್ ಮಾಡಿ. ಚಿತ್ರದ ಅಳತೆ 4:3 ಇಡಿ, ಇಲ್ಲದಿದ್ದರೆ ಮಾರಿಯೋ ಅಡ್ಡಡ್ಡ ದಪ್ಪಗೆ ಕಾಣ್ತಾನೆ, ಅಷ್ಟೇ ಅಲ್ಲ ಜಿಗಿತದ ಅಂದಾಜೂ ಕಣ್ಣಿಗೆ ಸಿಗಲ್ಲ. ಇಷ್ಟು ಮಾಡಿದರೆ ತಡ ಪೂರ್ತಿ ಹೋಗಲ್ಲ, ಆದರೆ ಆಡಬಹುದಾದ ಮಟ್ಟಕ್ಕೆ ಬರುತ್ತೆ.

ಗನ್ ವಿಷಯ ಬಿಟ್ಟುಬಿಡಿ, ಅದು ಈ ಟಿವಿಯಲ್ಲಿ ಯಾವತ್ತೂ ನಡೆಯಲ್ಲ. ಕಾರಣ ಕೇಳಿದರೆ ನಿಮ್ಮ ಮಗನಿಗೆ ಖುಷಿ ಆಗಬಹುದು. ಆ ಗನ್ ಏನನ್ನೂ ಹೊಡೆಯಲ್ಲ, ಅದು ಬರೀ ನೋಡುತ್ತೆ. ನಳಿಕೆ ಒಳಗೆ ಬೆಳಕು ಗುರುತಿಸೋ ಒಂದು ಸಣ್ಣ ಸೆನ್ಸರ್ ಇರುತ್ತೆ. ಟ್ರಿಗರ್ ಒತ್ತಿದ ತಕ್ಷಣ ಗೇಮ್ ಪರದೆಯನ್ನು ಪೂರ್ತಿ ಕಪ್ಪು ಮಾಡಿ, ಅದರ ಹಿಂದೆಯೇ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ತೋರಿಸುತ್ತೆ. ಆ ಕ್ಷಣಕ್ಕೆ ಸರಿಯಾಗಿ ಗನ್‌ಗೆ ಬೆಳಕು ಕಂಡರೆ ಬಾತುಕೋಳಿ ಬಿತ್ತು, ಕಾಣದಿದ್ದರೆ ತಪ್ಪಿತು. ಹೊಸ ಟಿವಿಯಲ್ಲಿ ಆ ಬಿಳಿ ಚೌಕ ತಡವಾಗಿ ಬರುತ್ತೆ, ಅಷ್ಟರಲ್ಲಿ ಗೇಮ್ ಲೆಕ್ಕ ಮುಗಿಸಿರುತ್ತೆ. ಹಳೇ ಡಬ್ಬಾ ಟಿವಿ ಯಾರಾದ್ರೂ ಬಿಸಾಡ್ತಿದ್ದರೆ ಇಟ್ಕೊಳ್ಳಿ. ಹಿಂದಿನ ಕವರ್ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಜೋರು ವೋಲ್ಟೇಜ್ ಉಳಿದಿರುತ್ತೆ.

ಇನ್ನೆರಡು ಮಾತು, ನೀವು ಕೇಳದೇ ಇದ್ದರೂ ಹೇಳ್ತೀನಿ. ಕ್ಯಾಸೆಟ್ ಓಡದಿದ್ದರೆ ಊದಬೇಡಿ. ನಾವೆಲ್ಲ ಊದಿದವರೇ, ಆದರೆ ಊದಿದ್ದರಿಂದ ಓಡಿದ್ದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ ಓಡಿದ್ದು. ಉಸಿರಿನ ತೇವಕ್ಕೆ ಕ್ಯಾಸೆಟ್‌ನ ಲೋಹದ ಹಲ್ಲುಗಳು ತುಕ್ಕು ಹಿಡಿಯುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಕಡ್ಡಿ ಅದ್ದಿ ಒರೆಸಿ. ಎರಡನೆಯದು ಅಡಾಪ್ಟರ್. ಪಿನ್ ಕೂರುತ್ತೆ ಅಂತ ಯಾವುದೋ ಒಂದನ್ನು ಹಾಕಬೇಡಿ. ಜಪಾನಿನ ಫ್ಯಾಮಿಕಾಮ್‌ಗೆ ಡಿಸಿ ಬೇಕು, ಅದರದ್ದೇ ಅಮೆರಿಕದ ಆವೃತ್ತಿ ಎನ್‌ಇಎಸ್ ಜೊತೆ ಬರ್ತಿದ್ದುದು ಎಸಿ ಅಡಾಪ್ಟರ್. ಅದನ್ನು ತಂದು ಇದಕ್ಕೆ ಹಾಕಿದರೆ ಸುಡುತ್ತೆ. ನಕಲು ಕನ್ಸೋಲ್‌ಗಳಲ್ಲಿ ಒಂದೊಂದರದ್ದು ಒಂದೊಂದು ಲೆಕ್ಕ, ಕೆಳಗಿನ ಲೇಬಲ್ ಓದಿ.

---

ಟೇಲ್ಸ್_ಅಪ್ಪ ಉತ್ತರ:

ಡಬ್ಬಾ ಸರ್ ಹೇಳಿದ್ದು ಸರಿ, ಮೊದಲು ಟಿವಿ ಸರಿ ಮಾಡ್ಕೊಳ್ಳಿ. ಆಮೇಲೆ ಮಾರಿಯೋವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ ಅಂತ ನಾನು ಹೇಳೋದು.

ಯಾಕಂದ್ರೆ ಅದು ಒಬ್ಬರು ಆಡುವಾಗ ಇನ್ನೊಬ್ಬರು ಕಾಯೋ ಗೇಮ್. ಇಬ್ಬರಿಗೆ ಅಂತ ಇದ್ದರೂ ಸರದಿ ಪ್ರಕಾರ. ನೀವು ಪಕ್ಕದಲ್ಲಿ ಕೂತು "ಹಾರು, ಈಗ ಹಾರು, ಅಯ್ಯೋ" ಅಂತಿದ್ದರೆ ಮಗುವಿಗೆ ಅದು ಆಟ ಅಲ್ಲ, ಪರೀಕ್ಷೆ. ಹಳೇ ಗೇಮ್ ಮಕ್ಕಳಿಗೆ ಹಿಡಿಸಬೇಕು ಅಂದರೆ ಇಬ್ಬರೂ ಒಂದೇ ಪರದೆ ಮೇಲೆ ಒಟ್ಟಿಗೆ ಇರಬೇಕು. ನನ್ನ ಅನುಭವದಲ್ಲಿ ಇದೊಂದೇ ಸೂತ್ರ ಕೆಲಸ ಮಾಡಿದ್ದು, ಉಳಿದದ್ದೆಲ್ಲ ಆಮೇಲೆ.

ನಿಮ್ಮ ಕ್ಯಾಸೆಟ್‌ನಲ್ಲಿ ಟ್ಯಾಂಕ್ ಗೇಮ್ ಇದ್ದೇ ಇರುತ್ತೆ. ಅದರ ಹೆಸರು 'ಬ್ಯಾಟಲ್ ಸಿಟಿ', ನ್ಯಾಮ್ಕೊ ಕಂಪನಿ 1985ರಲ್ಲಿ ಮಾಡಿದ್ದು. ಹಳದಿ ಟ್ಯಾಂಕ್ ಒಬ್ಬರದು, ಹಸಿರು ಟ್ಯಾಂಕ್ ಇನ್ನೊಬ್ಬರದು, ಕೆಳಗೆ ಇಟ್ಟಿಗೆ ಗೋಡೆಯ ಒಳಗೆ ಹದ್ದು ಕೂತಿರುತ್ತೆ, ಮೇಲಿಂದ ಒಟ್ಟು 20 ಶತ್ರು ಟ್ಯಾಂಕ್ ಬರುತ್ತವೆ. ಆರು ವರ್ಷದವಳಿಗೂ ಒಂದು ನಿಮಿಷದಲ್ಲಿ ಅರ್ಥ ಆಗುತ್ತೆ. ಹದ್ದಿನ ಪಕ್ಕದಲ್ಲೇ ನಿಂತು ಕಾವಲು ಕಾಯಿ ಅಂದರೆ ಅವಳಿಗೆ ನಿಜವಾದ ಕೆಲಸ ಸಿಕ್ಕಿತು, ಮುಂದೆ ಹೋಗಿ ಹೊಡೆಯೋದು ಅಣ್ಣನ ಪಾಲು. ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗಿದರೆ ಸಾಯಲ್ಲ, ಟ್ಯಾಂಕ್ ಸ್ವಲ್ಪ ಹೊತ್ತು ಮಿನುಗುತ್ತಾ ಅಲ್ಲೇ ನಿಂತುಬಿಡುತ್ತೆ. ಇದರಿಂದ ಶುರುವಾಗೋ ಜಗಳ ಇದೆಯಲ್ಲ, "ನೀನು ಬೇಕಂತ ಹೊಡೆದೆ", "ಇಲ್ಲ ನೀನೇ ಅಡ್ಡ ಬಂದೆ", ಗೇಮ್‌ನ ಅರ್ಧ ಮಜಾ ಅದೇ. ಹುಷಾರು, ನಿಮ್ಮ ಗುಂಡು ತಾಗಿದರೂ ಹದ್ದು ಹೋಗುತ್ತೆ. ಮೊದಲ ದಿನ ಹೆಚ್ಚಿನ ಗೇಮ್ ಓವರ್‌ಗಳು ಶತ್ರುಗಳಿಂದ ಆಗಲ್ಲ.

ಅದಕ್ಕಿಂತ ದೊಡ್ಡ ಆಕರ್ಷಣೆ ಕನ್‌ಸ್ಟ್ರಕ್ಷನ್ ಮೋಡ್. ಮೊದಲ ಮೆನುವಿನಲ್ಲೇ ಮೂರನೇ ಸಾಲು. ಬಟನ್ ಒತ್ತಿದ ಹಾಗೆ ಇಟ್ಟಿಗೆ, ಉಕ್ಕು, ನೀರು, ಪೊದೆ, ಮಂಜುಗಡ್ಡೆ ಒಂದೊಂದಾಗಿ ಬದಲಾಗುತ್ತೆ, ಬೇಕಾದ ಕಡೆ ಇಟ್ಟು ಸ್ವಂತ ಮೈದಾನ ಕಟ್ಟಬಹುದು, ಕಟ್ಟಿ ಮುಗಿಸಿ ಸ್ಟಾರ್ಟ್ ಒತ್ತಿದರೆ ಅದರಲ್ಲೇ ಆಡಬಹುದು. ಹದ್ದಿನ ಸುತ್ತ ಉಕ್ಕಿನ ಗೋಡೆ ಕಟ್ಟೋ ಐಡಿಯಾ ಎಲ್ಲ ಮಕ್ಕಳಿಗೂ ತಾನಾಗೇ ಬರುತ್ತೆ, ಹೇಳ್ಕೊಡಬೇಡಿ. ಸ್ವಿಚ್ ಆಫ್ ಮಾಡಿದರೆ ಕಟ್ಟಿದ್ದೆಲ್ಲ ಹೋಗುತ್ತೆ ಅನ್ನೋದನ್ನು ಮಾತ್ರ ಮೊದಲೇ ಹೇಳಿ, ಇಲ್ಲದಿದ್ದರೆ ಕಣ್ಣೀರು ಗ್ಯಾರಂಟಿ.

ಚಿಕ್ಕವಳಿಗೆ ಇನ್ನೂ ಒಳ್ಳೆಯದು ಅಂದರೆ ಸೆಗಾದ 'ಸಾನಿಕ್ 2', 1992ರದ್ದು. ನಿಮ್ಮ ಕನ್ಸೋಲ್‌ನಲ್ಲಿ ಓಡಲ್ಲ, ಆದರೆ ಹೊಸ ಕನ್ಸೋಲ್‌ಗಳ ಹಳೇ ಗೇಮ್ ಸಂಗ್ರಹಗಳಲ್ಲಿ ಸಿಗುತ್ತೆ. ಎರಡನೇ ಕಂಟ್ರೋಲರ್ ಹಿಡಿದವರು ಸಾನಿಕ್ ಹಿಂದೆ ಓಡೋ ಟೇಲ್ಸ್ ನರಿಮರಿ. ಅವನು ಶತ್ರುಗಳನ್ನು ಹೊಡೀತಾನೆ, ರಿಂಗ್ ಆರಿಸ್ತಾನೆ, ಹಿಂದೆ ಉಳಿದರೆ ಅಥವಾ ಗುಂಡಿಗೆ ಬಿದ್ದರೆ ಸ್ವಲ್ಪ ಹೊತ್ತಿಗೆ ಬಾಲ ತಿರುಗಿಸ್ಕೊಂಡು ಹಾರಿ ವಾಪಸ್ ಬರ್ತಾನೆ. ಅವನು ಎಷ್ಟು ಸಲ ಬಿದ್ದರೂ ಗೇಮ್‌ಗೆ ನಷ್ಟ ಇಲ್ಲ. ಆದರೆ ಅವನ ಏಟಿಗೂ ಬಾಸ್ ಸಾಯ್ತಾನೆ! ಮಗುವಿಗೆ ಇದಕ್ಕಿಂತ ಇನ್ನೇನು ಬೇಕು. ನನ್ನ ಹೆಸರು ನೋಡಿದ್ರಲ್ಲ, ನಮ್ಮಲ್ಲಿ ಆ ಕಂಟ್ರೋಲರ್ ನನ್ನ ಪಾಲಿಗೆ ಬಂದಿದೆ.

ಒಂಟಿಯಾಗಿ ಆಡೋಕೆ ಕೊಡೋದಾದರೆ ಕರ್ಬಿ. 1992ರಲ್ಲಿ ಕೈಯಲ್ಲಿ ಹಿಡಿದು ಆಡೋ ಗೇಮ್‌ಬಾಯ್‌ಗೆ ಬಂದ ಮೊದಲ ಕರ್ಬಿಯನ್ನು ಮಸಾಹಿರೊ ಸಕುರಾಯ್ ಮಾಡಿದ್ದೇ ಗೇಮ್ ಆಡಿ ಅಭ್ಯಾಸ ಇಲ್ಲದವರಿಗೆ ಅಂತ. ಗುಂಡಿ ಬಂದರೆ ಉಬ್ಬಿ ಹಾರಿ ದಾಟಿಬಿಡಬಹುದು.

ತುಂಬಾ ಕಷ್ಟದ ಶೂಟಿಂಗ್ ಗೇಮ್ 'ಕಾಂಟ್ರಾ'ವನ್ನು ಆರು ತಿಂಗಳು ಮುಟ್ಟಬೇಡಿ. ಮುಟ್ಟಿದರೂ ಆ ಕೋಡ್ ಹಾಕಿ, ಮೂರರ ಬದಲು 30 ಲೈಫ್ ಬರುತ್ತೆ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ಆಮೇಲೆ ಸ್ಟಾರ್ಟ್. ಮೂರನೇ ಸ್ಟೇಜಿನ ಜಲಪಾತದಲ್ಲಿ ಒಬ್ಬರು ಬೇಗ ಮೇಲೆ ಹತ್ತಿದರೆ ಪರದೆ ಜೊತೆಗೇ ಸರಿದು ಕೆಳಗಿದ್ದವರು ಸಾಯ್ತಾರೆ. ಅಣ್ಣ-ತಂಗಿ ಸಂಬಂಧಕ್ಕೆ ಒಳ್ಳೇದಲ್ಲ.

---

ಮೊಂಡು_ಬಾಸ್ ಉತ್ತರ:

ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಮಗ ಕೇಳಿದ ಪ್ರಶ್ನೆ ಸರಿಯಾಗೇ ಇದೆ. ಮೂರು ಸಲ ಬಿದ್ದರೆ ಮೊದಲಿನಿಂದ ಯಾಕೆ ಆಡಬೇಕು? ಇದರಲ್ಲಿ ತಾಳ್ಮೆ ಕಲಿಸೋ ಉದ್ದೇಶ ಏನೂ ಇರಲಿಲ್ಲ. ಆಗಿನ ಗೇಮ್ ಮಾಡೋ ರೀತಿ ಬಂದಿದ್ದೇ ಆರ್ಕೇಡ್‌ನಿಂದ, ಅಲ್ಲಿ ಆಟಗಾರ ಬೇಗ ಸತ್ತರೆ ತಾನೇ ಇನ್ನೊಂದು ನಾಣ್ಯ ಬೀಳೋದು. ಮನೆಗೆ ಬಂದ ಮೇಲೆ ಕಾರಣ ಬದಲಾಯ್ತು, ಜಾಗ ಸಾಲ್ತಿರಲಿಲ್ಲ. 'ಸೂಪರ್ ಮಾರಿಯೋ ಬ್ರದರ್ಸ್' ಇಡೀ ಗೇಮ್ 40 ಕಿಲೋಬೈಟ್. ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಷ್ಟರಲ್ಲಿ ತಿಂಗಳುಗಟ್ಟಲೆ ಆಡಿಸಬೇಕು ಅಂದರೆ ಕಷ್ಟ ಮಾಡಲೇಬೇಕು. 'ಘೋಸ್ಟ್ಸ್ ಅಂಡ್ ಗಾಬ್ಲಿನ್ಸ್' ಅಂತೂ ಎರಡೇ ಏಟಿಗೆ ಸಾಯಿಸುತ್ತೆ, ಕಷ್ಟಪಟ್ಟು ಮುಗಿಸಿದರೆ ಇದೆಲ್ಲ ಮಾಯೆ, ಇನ್ನೊಂದು ಸಲ ಪೂರ್ತಿ ಆಡು ಅಂತ ಮೊದಲಿಗೆ ಕಳಿಸುತ್ತೆ. ಇದನ್ನು ನಾವು ಹೆಮ್ಮೆಯಿಂದ ಹೇಳ್ಕೊಳ್ತೀವಿ ಯಾಕಂದ್ರೆ ಆಗ ನಮ್ಮ ಹತ್ತಿರ ಬೇರೆ ಗೇಮ್ ಇರಲಿಲ್ಲ, ಅಷ್ಟೇ!

ಹಾಗಾಗಿ ಸೇವ್, ರಿವೈಂಡ್ ಎಲ್ಲ ಧಾರಾಳವಾಗಿ ಕೊಡಿ. ನಿಂಟೆಂಡೊನೇ 2016ರಲ್ಲಿ 30 ಗೇಮ್ ತುಂಬಿಸಿ ತಂದ ಪುಟ್ಟ ಎನ್‌ಇಎಸ್‌ನಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಸೇವ್ ಮಾಡೋ ಸೌಲಭ್ಯ ಇಟ್ಟಿತ್ತು. ಮುಂದಿನ ವರ್ಷದ ಪುಟ್ಟ ಸೂಪರ್ ನಿಂಟೆಂಡೊದಲ್ಲಿ ರಿವೈಂಡೂ ಬಂತು. ಮಾಡಿದವರಿಗೇ ಇಲ್ಲದ ಮಡಿ ನಮಗ್ಯಾಕೆ?

ಇನ್ನೊಂದು ವಿಷಯ ಜನ ಮರೀತಾರೆ. ಆ ಕಾಲದ ಎಷ್ಟೋ ಗೇಮ್‌ಗಳ ಅರ್ಧ ಭಾಗ ಡಬ್ಬದ ಜೊತೆ ಬರುತ್ತಿದ್ದ ಪುಸ್ತಕದಲ್ಲಿ ಇರ್ತಿತ್ತು. 1986ರ 'ಜೆಲ್ಡಾ'ವನ್ನು ಪುಸ್ತಕ, ನಕಾಶೆ ಏನೂ ಇಲ್ಲದೆ ಮಗುವಿನ ಮುಂದೆ ಇಟ್ಟರೆ ಅದು ಯಾವ ಪೊದೆ ಸುಡಬೇಕು, ಯಾವ ಬಂಡೆಗೆ ಬಾಂಬ್ ಇಡಬೇಕು ಅಂತ ಹೇಗೆ ತಿಳ್ಕೊಳ್ಳುತ್ತೆ? ಅಂಥ ಗೇಮ್ ಆಡಿಸೋದಾದರೆ ಚೌಕುಳಿ ಹಾಳೆ ಕೊಡಿ, ನಕಾಶೆ ಬರೀಲಿ. ಒಂದು ಪರದೆಗೆ ಒಂದು ಚೌಕ. ಹತ್ತು ವರ್ಷದವನಿಗೆ ಇದು ಗೇಮ್‌ಗಿಂತ ಜಾಸ್ತಿ ಹಿಡಿಸಿದರೂ ಆಶ್ಚರ್ಯ ಇಲ್ಲ.

---

ಟೇಲ್ಸ್_ಅಪ್ಪ ಉತ್ತರ:

@ಮೊಂಡು_ಬಾಸ್ ಗುರುವೇ, ಸೇವ್ ಕೊಡಿ ಅನ್ನೋದಕ್ಕೆ ನನ್ನದೂ ಓಟು. ಆದರೆ ರಿವೈಂಡ್ ಬಟನ್ ಸುಮ್ನೆ ಕೈಗೆ ಕೊಟ್ಟರೆ ಮಕ್ಕಳು ಪ್ರತಿ ಜಿಗಿತಕ್ಕೂ ಹಿಂದೆ ಹೋಗ್ತಾರೆ. ಆಟ ಮುಂದಕ್ಕೇ ಹೋಗಲ್ಲ, ಬೀಳೋ ಭಯ ಇಲ್ಲದ ಮೇಲೆ ದಾಟಿದ ಖುಷಿಯೂ ಇಲ್ಲ. ಪ್ರತಿ ಸ್ಟೇಜಿನ ಶುರುವಿನಲ್ಲಿ ಒಂದು ಸೇವ್, ನಡುವೆ ಇಲ್ಲ. ನಮ್ಮಲ್ಲಿ ಇದು ಒಪ್ಪಂದ.

---

ಮೊಂಡು_ಬಾಸ್ ಉತ್ತರ:

ಸರಿ, ಅದು ನ್ಯಾಯವಾದ ಮಾತು. ಒಪ್ಪಿದೆ, ಆದರೆ ಪೂರ್ತಿ ಅಲ್ಲ :) ಆರು ವರ್ಷದವಳಿಗೆ ಬಿಟ್ಟುಬಿಡಿ, ಅವಳು ಎಷ್ಟು ಸಲ ಬೇಕಾದರೂ ಹಿಂದೆ ಹೋಗಲಿ. ಪೈಪ್ ನೋಡಬೇಕು ಅಂತ ಕೇಳಿದ್ದಾಳೆ ಪಾಪ.

---

ಸೆಲೆಕ್ಟ್_ಸ್ಟಾರ್ಟ್ ಬರೆದಿದ್ದು:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ.

ಡಬ್ಬಾ ಸರ್, ಗೇಮ್ ಮೋಡ್ ಹಾಕಿದೆ. ಒಂದೇ ಸಲಕ್ಕೆ ಗೊತ್ತಾಗುವಷ್ಟು ವ್ಯತ್ಯಾಸ! ಮೊದಲ ಸ್ಟೇಜು ಒಂದೂ ಲೈಫ್ ಹೋಗದೆ ಮುಗಿಸಿದೆ, ಮಕ್ಕಳ ಮುಂದೆ ಮಾನ ಉಳೀತು.

ಟ್ಯಾಂಕ್ ಗೇಮ್ ಇಬ್ಬರಿಗೂ ಹಿಡಿಸಿದೆ. ಮಗಳು ಇಡೀ ಮೈದಾನಕ್ಕೆ ಬರೀ ಪೊದೆ ತುಂಬಿಸಿದಳು, ಯಾರ ಟ್ಯಾಂಕ್ ಎಲ್ಲಿದೆ ಅಂತ ಯಾರಿಗೂ ಕಾಣಲ್ಲ, ಪೊದೆಯೊಳಗಿಂದ ಗುಂಡು ಮಾತ್ರ ಬರ್ತಾವೆ. ಬಿದ್ದು ಬಿದ್ದು ನಗ್ತಿದ್ದರು. ಮಗ ಈಗ ಬೇರೆ ದಾರಿ ಹಿಡಿದಿದ್ದಾನೆ. ಗನ್ ವಿಷಯ ಓದಿ ಹೇಳಿದ ಮೇಲೆ ಆಡೋದಕ್ಕಿಂತ ಪ್ರಶ್ನೆನೇ ಜಾಸ್ತಿ. ಟ್ಯಾಂಕ್‌ಗಳೆಲ್ಲ ಒಂದೇ ಸಾಲಿಗೆ ಬಂದರೆ ಯಾಕೆ ಮಿಣಮಿಣ ಅನ್ನುತ್ತೆ, ಕನ್ಸೋಲ್ ಕೆಟ್ಟಿದೆಯಾ ಅಂತ ಕೇಳ್ತಾನೆ. ಯಾರಿಗಾದ್ರೂ ಗೊತ್ತಾ? ಇಂಥದ್ದು ಇನ್ನೂ ಇದ್ದರೆ ಹೇಳಿ, ಅವನನ್ನು ಕೂರಿಸೋ ದಾರಿ ಇದೇ ಅನಿಸ್ತಿದೆ.

---

ಎರಡು_ಕಿಲೋಬೈಟ್ ಉತ್ತರ:

ಅಕ್ಕಾ, ಕನ್ಸೋಲ್ ಕೆಟ್ಟಿಲ್ಲ. ಆ ಯಂತ್ರದ ಮಿತಿ ಅದು. ಫ್ಯಾಮಿಕಾಮ್‌ನ ಚಿತ್ರದ ಚಿಪ್‌ಗೆ ಓಡಾಡೋ ಗೊಂಬೆಗಳ ತುಂಡುಗಳನ್ನು ಒಂದು ಅಡ್ಡಗೆರೆಯಲ್ಲಿ ಎಂಟರ ಮೇಲೆ ತೋರಿಸೋಕೆ ಆಗಲ್ಲ. ಒಂದು ಟ್ಯಾಂಕ್ ಅಗಲಕ್ಕೆ ಎರಡು ತುಂಡು ಬೇಕು. ನಾಲ್ಕು ಟ್ಯಾಂಕ್ ಆದರೆ ಎಂಟು ಮುಗೀತು, ಅದರ ಜೊತೆ ಗುಂಡು ಬೇರೆ. ಹೆಚ್ಚಾದ ತುಂಡನ್ನು ಚಿಪ್ ಸುಮ್ನೆ ಬಿಟ್ಟುಬಿಡುತ್ತೆ. ಯಾವಾಗಲೂ ಒಂದನ್ನೇ ಬಿಟ್ಟರೆ ಒಬ್ಬನು ಪೂರ್ತಿ ಮಾಯ ಆಗ್ತಾನೆ, ಅದಕ್ಕೆ ಗೇಮ್ ಬರೆದವರು ಪ್ರತಿ ಚಿತ್ರಕ್ಕೂ ಸರದಿ ಬದಲಾಯಿಸ್ತಾರೆ. ನಮಗೆ ಅದು ಮಿಣಮಿಣ ಅಂತ ಕಾಣುತ್ತೆ.

ಮಗನಿಗೆ ಮಾರಿಯೋದ ಮೋಡವನ್ನೂ ಪೊದೆಯನ್ನೂ ಪಕ್ಕಪಕ್ಕ ನೋಡೋಕೆ ಹೇಳಿ. ಏನೂ ಹೇಳ್ಕೊಡದೆ ಕಾಯಿರಿ. ಎರಡೂ ಒಂದೇ ಚಿತ್ರ! ಬಿಳಿ ಹಚ್ಚಿ ಮೇಲಿಟ್ಟರೆ ಮೋಡ, ಹಸಿರು ಹಚ್ಚಿ ಕೆಳಗಿಟ್ಟರೆ ಪೊದೆ. ಮೊಂಡು ಅವರು 40 ಕಿಲೋಬೈಟ್ ಅಂದರಲ್ಲ, ಅಷ್ಟರಲ್ಲಿ ಸಂಸಾರ ನಡೆಸಿದ್ದು ಹೀಗೆ. ಗೇಮ್ ಓಡುವಾಗ ಲೆಕ್ಕ ಇಟ್ಕೊಳ್ಳೋಕೆ ಇದ್ದ ಜಾಗ ಎರಡೇ ಕಿಲೋಬೈಟ್. ದಾಟಿ ಬಂದ ಜಾಗ ಮತ್ತೆ ತೋರಿಸದೇ ಇದ್ದರೆ ನೆನಪಿಡಬೇಕಾದ್ದೂ ಕಡಿಮೆ, ನಿಮ್ಮ ಮಗಳ ಪೈಪ್ ಪ್ರಶ್ನೆಗೆ ಇದೂ ಒಂದು ಉತ್ತರ ಆಗಬಹುದು.

ಮೊದಲ ಸ್ಟೇಜಿನ ಶುರು ಒಂದನ್ನೇ ನಿಧಾನವಾಗಿ ನೋಡಿ. ಮಾರಿಯೋ ಎಡಗಡೆ ನಿಂತಿರ್ತಾನೆ, ಬಲಗಡೆ ಖಾಲಿ ಜಾಗ. ಎಲ್ಲೂ ಬರೆದಿಲ್ಲ, ಆದರೂ ಎಲ್ಲರೂ ಬಲಕ್ಕೇ ಹೋಗ್ತಾರೆ. ಸುಮ್ನೆ ನಡೆದರೆ ಎದುರಿಗೆ ಬರೋ ಗೂಂಬಾ ಅನ್ನೋ ಪುಟ್ಟ ಶತ್ರು ತಾಗಿ ಸಾಯ್ತೀರಿ, ಹಾಗಾಗಿ ಹಾರೋದು ಕಲೀತೀರಿ. ಆಮೇಲೆ ಪ್ರಶ್ನೆ ಗುರುತಿನ ಪೆಟ್ಟಿಗೆ ಗುದ್ದಿದರೆ ಅಣಬೆ ಬಂದು ಬಲಕ್ಕೆ ಹೋಗುತ್ತೆ, ಕೆಳಗೆ ಬಿದ್ದು ಪೈಪಿಗೆ ತಾಗಿ ನಿಮ್ಮ ಕಡೆಗೇ ತಿರುಗುತ್ತೆ. ಗೂಂಬಾ ಹಾಗೇ ಇದೂ ಕೆಟ್ಟದ್ದು ಅಂತ ಹೆದರಿ ಹಾರಿದರೆ ತಲೆ ಮೇಲಿನ ಇಟ್ಟಿಗೆ ತಾಗಿ ಅಣಬೆ ಮೇಲೆ ಬೀಳೋ ಸಾಧ್ಯತೆನೇ ಜಾಸ್ತಿ. ದೊಡ್ಡವನಾದ ಮೇಲೆ ಗೊತ್ತಾಗುತ್ತೆ, ಓ ಇದು ಒಳ್ಳೇದು ಅಂತ. ಮಾರಿಯೋವನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ಅವರೇ ಇದನ್ನು ಬೇಕಂತ ಹೀಗೆ ಜೋಡಿಸಿದ್ದು ಅಂತ ವಿವರಿಸಿದ್ದಾರೆ. ಈಗಿನ ಗೇಮ್ ಶುರುವಿನಲ್ಲಿ ಬಾಣ ತೋರಿಸಿ "ಇಲ್ಲಿ ಒತ್ತಿ, ಅಲ್ಲಿ ಒತ್ತಿ" ಅನ್ನುತ್ತಲ್ಲ, ಅವನಿಗೆ ಈ ಎರಡನ್ನೂ ಹೋಲಿಸಿ ನೋಡೋಕೆ ಹೇಳಿ.

ಆಮೇಲೆ 'ಪ್ಯಾಕ್-ಮ್ಯಾನ್' ದೆವ್ವಗಳು. ನಾಲ್ಕೂ ಒಂದೇ ಥರ ಅಟ್ಟಿಸಿಕೊಂಡು ಬರಲ್ಲ. ಕೆಂಪು ನೇರ ನಿಮ್ಮ ಹಿಂದೆ. ಗುಲಾಬಿ ನೀವು ಹೋಗ್ತಿರೋ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಿನ ಜಾಗಕ್ಕೆ ಗುರಿ ಇಡುತ್ತೆ, ಅಡ್ಡ ಹಾಕೋಕೆ. ಕಿತ್ತಳೆ ದೂರದಿಂದ ಬೆನ್ನು ಹತ್ತಿ ಹತ್ತಿರ ಬಂದ ತಕ್ಷಣ ತನ್ನ ಮೂಲೆಗೆ ಓಡುತ್ತೆ. ಇದು ಗೊತ್ತಾದ ಮೇಲೆ ಮಕ್ಕಳು ಓಡಿ ತಪ್ಪಿಸಿಕೊಳ್ಳೋದು ಬಿಟ್ಟು ದೆವ್ವಗಳನ್ನೇ ಯಾಮಾರಿಸೋಕೆ ಶುರು ಮಾಡ್ತಾರೆ.

'ಟೆಟ್ರಿಸ್' ಕಥೆಯೂ ಹೇಳಿ. ಎನ್‌ಇಎಸ್‌ಗೆ 1989ರಲ್ಲಿ ಬಂದ ಟೆಟ್ರಿಸ್‌ನಲ್ಲಿ 29ನೇ ಲೆವೆಲ್ ಆದಮೇಲೆ ಮನುಷ್ಯರಿಂದ ಆಗಲ್ಲ ಅಂತ ಬಹಳ ವರ್ಷ ಎಲ್ಲರೂ ನಂಬಿದ್ದರು, ತುಂಡುಗಳು ಅಷ್ಟು ಬೇಗ ಬೀಳುತ್ತವೆ. ಆಮೇಲೆ ಆಟಗಾರರು ಕಂಟ್ರೋಲರನ್ನು ಹಿಂದಿನಿಂದ ಬೆರಳುಗಳಲ್ಲಿ ತಟ್ಟೋ ಹೊಸ ರೀತಿ ಕಂಡುಹಿಡಿದರು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಒಬ್ಬ ಹುಡುಗ 157ನೇ ಲೆವೆಲ್ ತನಕ ಹೋದ, ಅಲ್ಲಿ ಗೇಮೇ ಸಿಕ್ಕಿಕೊಂಡು ನಿಂತುಹೋಯ್ತು. ಅವನಿಗೆ ಆಗ 13 ವರ್ಷ. ಗೇಮ್‌ಗಿಂತ ಎಷ್ಟು ಚಿಕ್ಕವನು ಅಂತ ನಿಮ್ಮ ಮಗನೇ ಲೆಕ್ಕ ಹಾಕಲಿ.

---

ಸುಮ್ನೆ_ನೋಡ್ತೀನಿ ಉತ್ತರ:

ಇಷ್ಟು ದಿನ ಓದ್ತಿದ್ದೆ ಅಷ್ಟೇ, ಈಗ ಒಂದು ಮಾತು ಸೇರಿಸ್ತೀನಿ. ಹೊಸ ಆವೃತ್ತಿ ಬೇಕು ಅಂತ ಕಂಡ ಕಂಡ ವೆಬ್‌ಸೈಟಿನಿಂದ ರಾಮ್ (ROM) ಫೈಲ್, ಅಂದರೆ ಕ್ಯಾಸೆಟ್‌ನ ಗೇಮ್ ನಕಲು ಮಾಡಿದ ಫೈಲ್, ಇಳಿಸ್ಕೋಬೇಡಿ. ಕಾಪಿರೈಟ್ ಇನ್ನೂ ಇದೆ ಅನ್ನೋದು ಒಂದು, ಆ ಸೈಟುಗಳಲ್ಲಿ ನಕಲಿ ಡೌನ್‌ಲೋಡ್ ಬಟನ್‌ಗಳೇ ತುಂಬಿರುತ್ತವೆ ಅನ್ನೋದು ಇನ್ನೊಂದು. ಮಕ್ಕಳ ಕೈಗೆ ಸಿಗೋ ಕಂಪ್ಯೂಟರಲ್ಲಂತೂ ಬೇಡವೇ ಬೇಡ. ಕಂಪನಿಗಳೇ ಬಿಡುಗಡೆ ಮಾಡಿರೋ ಸಂಗ್ರಹಗಳು ಸಾಕಷ್ಟಿವೆ. ಹಳೇ ಕನ್ಸೋಲ್‌ಗೆ ಅಂತ ಈಗಲೂ ಹೊಸ ಗೇಮ್ ಬರೆಯೋ ಹವ್ಯಾಸಿಗಳಿದ್ದಾರೆ, ಎಷ್ಟೋ ಜನ ಉಚಿತವಾಗೇ ಕೊಡ್ತಾರೆ.

ಒಂದು ತಲೆಹರಟೆ ಪ್ರಶ್ನೆ: ನಿಮ್ಮ ಕ್ಯಾಸೆಟ್ ಮೇಲೆ 9999 ಇನ್ 1 ಅಂತ ಇದೆಯಾ? ಮಗನಿಗೆ ಕೂತು ಎಣಿಸೋಕೆ ಹೇಳಿ, ಕೆಲವೇ ಹತ್ತು ಗೇಮ್ ಇರುತ್ತವೆ, ಉಳಿದದ್ದೆಲ್ಲ ಅದೇ ಗೇಮ್ ಬೇರೆ ಸ್ಟೇಜಿನಿಂದ ಶುರು ಆಗೋದು.

---

ಡಬ್ಬಾ_ಟಿವಿ ಉತ್ತರ:

ಹ್ಹ ಹ್ಹ, ಆ 9999ರಲ್ಲಿ ನಾನೂ ಒಂದು ಬೇಸಿಗೆ ಕಳೆದಿದ್ದೀನಿ.

ಮೇಡಂ, ಮಗನ ಮೊದಲ ತಕರಾರು ಇನ್ನೂ ಹಾಗೇ ಇದೆಯಲ್ಲ, ಮಾರಿಯೋ ಮತ್ತೆ ಮೊದಲಿನಿಂದ ಅನ್ನೋದು. ಅದಕ್ಕೆ ಗೇಮ್ ಒಳಗೇ ಒಂದು ದಾರಿ ಇದೆ, ಪರದೆ ಮೇಲೆ ಎಲ್ಲೂ ಹೇಳಲ್ಲ. ಗೇಮ್ ಓವರ್ ಆಗಿ ಟೈಟಲ್ ಬಂದಾಗ ಎ ಬಟನ್ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಒತ್ತಿ. ಯಾವ ವರ್ಲ್ಡ್‌ನಲ್ಲಿ ಸತ್ತಿದ್ದನೋ ಆ ವರ್ಲ್ಡ್‌ನ ಮೊದಲ ಸ್ಟೇಜಿನಿಂದ ಶುರು ಆಗುತ್ತೆ, ಮೂರು ಲೈಫ್ ಜೊತೆ. ರೀಸೆಟ್ ಮಾತ್ರ ಒತ್ತಬೇಡಿ, ನಿಮ್ಮ ಥರದ ಕ್ಯಾಸೆಟ್‌ಗಳಲ್ಲಿ ಅದು ನೇರ ಮೆನುಗೆ ಕರ್ಕೊಂಡು ಹೋಗುತ್ತೆ, ಎಲ್ಲಿ ತನಕ ಬಂದಿದ್ರಿ ಅನ್ನೋದು ಗೇಮ್‌ಗೆ ಮರೆತುಹೋಗುತ್ತೆ. ಹಾಂ, ಟೇಲ್ಸ್ ಅವರು ಕೊಟ್ಟ ಕಾಂಟ್ರಾ ಕೋಡ್‌ಗೆ ಒಂದು ಸೇರ್ಪಡೆ: ಇಬ್ಬರು ಆಡೋದಾದರೆ ಸ್ಟಾರ್ಟ್‌ಗೆ ಮೊದಲು ಒಂದು ಸಲ ಸೆಲೆಕ್ಟ್ ಒತ್ತಬೇಕು, ಇಲ್ಲದಿದ್ದರೆ ಒಬ್ಬರದೇ ಆಟ ಶುರುವಾಗಿಬಿಡುತ್ತೆ.